ಮಕ್ಕಳ ಕೈಯ ಮೊಬೈಲು: ನಿಯಮ ಯಾರಿಗೆ?

ಗೃಹಸ್ಥರ ಕರ್ತವ್ಯಗಳಲ್ಲಿ ಮಕ್ಕಳ ಪಾಲನೆಯು ಪ್ರಧಾನವಾದುದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಕರ್ತವ್ಯವನ್ನು ನಿರ್ವಹಿಸುವಲ್ಲಿ ಹಿಂದಿನವರಿಗಿದ್ದ ಒಂದು ಅನುಕೂಲ ಇಂದಿನ ತಂದೆತಾಯಿಗಳಿಗೆ ಇಲ್ಲ. ಊಟ, ಉಡಿಗೆ, ಓದು, ಒಡನಾಟ ಇವುಗಳ ವಿಷಯದಲ್ಲಿ ಸಂದೇಹ ಬಂದರೆ ಮನೆಯ ಹಿರಿಯರನ್ನು ಕೇಳಬಹುದಾಗಿತ್ತು. ಅವರು ತಾವು ಮಾಡಿದ್ದನ್ನು ಹೇಳುತ್ತಿದ್ದರು. ಮೊಬೈಲು ಮತ್ತು ಅಂತರ್ಜಾಲಗಳ ವಿಷಯವನ್ನು ಕೇಳೋಣವೆಂದರೆ ಅದು ಹಿರಿಯರಿಗೂ ಹೊಸದು. ಅನೇಕ ಮನೆಗಳಲ್ಲಿ ಅಜ್ಜನಿಗೆ ಅದರ ಬಳಕೆಯನ್ನು ಕಲಿಸಿದವನೇ ಮೊಮ್ಮಗ. ಪ್ರವಚನ ಮುಗಿದು ತೀರ್ಥಪ್ರಸಾದಕ್ಕೆ ಕಾದಿರುವ ಹೊತ್ತಿನಲ್ಲಿ ತಾಯಂದಿರು ಪರಸ್ಪರ ಆಡುವ ಮಾತುಗಳಲ್ಲಿ ಈ ವಿಷಯಕ್ಕೆ ಈಗ ಅಗ್ರಸ್ಥಾನ ದೊರೆತಿದೆ. ಒಮ್ಮತವೆಂಬುದು ಮಾತ್ರ ಆ ಮಾತುಗಳಲ್ಲಿ ಕಾಣುವುದಿಲ್ಲ. ಸಜ್ಜನರಾದ ವಾಚಕರೊಡನೆ ಇದನ್ನು ಕೊಂಚ ನಿಧಾನವಾಗಿ ವಿಚಾರ ಮಾಡಬೇಕೆಂದು ನಮಗೆ ತೋರಿದೆ.

ತಂದೆತಾಯಿಗಳಲ್ಲಿ ಸ್ಥೂಲವಾಗಿ ಮೂರು ಪಕ್ಷಗಳಿವೆ. ಮೊದಲನೆಯವರು ನಿಷೇಧಪಕ್ಷದವರು, ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಆ ಯಂತ್ರವನ್ನು ಮಗುವಿಗೆ ಮುಟ್ಟಗೊಡಬಾರದೆಂಬುದು ಇವರ ಮತ. ಎರಡನೆಯವರು ಲೆಕ್ಕ ಇಡುವವರು. ದಿನಕ್ಕೆ ಇಷ್ಟು ನಿಮಿಷ, ಊಟದ ವೇಳೆ ಇಲ್ಲ, ಮಲಗುವ ಕೋಣೆಯಲ್ಲಿ ಇಲ್ಲ ಎಂದು ಗೊತ್ತುಮಾಡಿ ಗಡಿಯಾರ ನೋಡುವವರು. ಮೂರನೆಯವರು, ಈ ಕಾಲದಲ್ಲಿ ಬದುಕಬೇಕಾದ ಮಕ್ಕಳು ಈ ಕಾಲದ ನೀರಿನಲ್ಲಿಯೇ ಈಜು ಕಲಿಯಲಿ ಎನ್ನುವವರು. ಸೋನಿಯಾ ಲಿವಿಂಗ್‌ಸ್ಟನ್ ಮತ್ತು ಅಲಿಸಿಯಾ ಬ್ಲಮ್-ರಾಸ್ ಎಂಬ ವಿದುಷಿಯರು ಲಂಡನ್ನಿನ ಕುಟುಂಬಗಳನ್ನು ಕಂಡು ಮಾತನಾಡಿಸಿ 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಅಪ್ಪಿಕೊಳ್ಳುವವರು, ತೂಗಿ ನೋಡುವವರು, ಎದುರಿಸುವವರು ಎಂದು ಮೂರೇ ಬಗೆಗಳು ಬರುತ್ತವೆ. ಲಂಡನ್ನಿನ ಮನೆಗೂ ಬೆಂಗಳೂರಿನ ಬಸವನಗುಡಿಯ ಮನೆಗೂ ಈ ಒಂದು ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲವೆಂದು ಕಾಣುತ್ತದೆ. ಆದರೆ ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು ಕುರಿತು ಆಡುವ ಮಾತು ಕಠಿಣವಾಗಿರುತ್ತದೆ. ಬಿಟ್ಟವರನ್ನು ಸೋಮಾರಿಗಳೆಂದೂ, ಕಟ್ಟಿದವರನ್ನು ಕ್ರೂರಿಗಳೆಂದೂ ಕರೆಯುವುದು ಸಾಮಾನ್ಯವಾಗಿದೆ.

ತಜ್ಞರನ್ನು ಕೇಳಿ ವಿವಾದವನ್ನು ಮುಗಿಸೋಣವೆಂದರೆ, ಅವರ ವಾಕ್ಯಗಳು ಒಂದು ವಯಸ್ಸಿನವರೆಗೆ ಮಾತ್ರ ಏಕಮುಖವಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಅದಕ್ಕೂ ಕಡಿಮೆಯಾದರೆ ಒಳಿತು, ಒಂದು ವರ್ಷದ ಕೂಸಿಗೆ ಬೇಡವೇ ಬೇಡ ಎಂದು ಹೇಳಿತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಎರಡು ವರ್ಷದೊಳಗಿನ ಶಿಶುವಿಗೆ ಪರದೆಯನ್ನು ತೋರಿಸಲೇಬಾರದೆಂದಿದೆ; ಬಂಧುಗಳೊಡನೆ ಎಂದಾದರೊಮ್ಮೆ ಮಾಡುವ ವೀಡಿಯೋ ಕರೆಗೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ. ಮಗಳು ಅಮೆರಿಕದಲ್ಲಿದ್ದು ಮೊಮ್ಮಗುವಿನ ಮುಖವನ್ನು ಶನಿವಾರ ಭಾನುವಾರಗಳಲ್ಲಿ ಮಾತ್ರ ಕಾಣುವ ಅಜ್ಜಿಯರು ಈ ವಾಕ್ಯವನ್ನು ಓದಿ ಸಮಾಧಾನ ಹೊಂದಬಹುದು. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಎಂದು ನಮ್ಮ ವೈದ್ಯರು ಹೇಳುತ್ತಾರೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ಮಕ್ಕಳ ವೈದ್ಯರು 2016ರಲ್ಲಿಯೇ ದೊಡ್ಡ ಮಕ್ಕಳಿಗೆ ಗಂಟೆಗಳ ಲೆಕ್ಕವನ್ನು ಕೈಬಿಟ್ಟು, ಪ್ರತಿ ಮನೆಯೂ ತನ್ನದೇ ಯೋಜನೆಯನ್ನು ಬರೆದುಕೊಳ್ಳಲಿ ಎಂದರು. ಬ್ರಿಟನ್ನಿನ ಮಕ್ಕಳ ವೈದ್ಯರ ಸಂಸ್ಥೆ 2019ರಲ್ಲಿ ಸಂಖ್ಯೆಯನ್ನೇ ಹೇಳದೆ, ಮನೆಯವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಕೊಟ್ಟಿತು: ಪರದೆಯು ನಿದ್ರೆಯನ್ನು ಕೆಡಿಸುತ್ತಿದೆಯೇ, ಮನೆಯವರು ಒಟ್ಟಾಗಿ ಮಾಡುವ ಕೆಲಸಗಳಿಗೆ ಅಡ್ಡಿಯಾಗುತ್ತಿದೆಯೇ ಎಂಬ ಬಗೆಯವು.

ಇದರಿಂದ ನಮಗೆ ಹೊಳೆಯುವುದಿಷ್ಟು. ಕೂಸುಗಳ ವಿಷಯದಲ್ಲಿ ನಿಷೇಧಪಕ್ಷವೇ ಸರಿ. ಅಲ್ಲಿ ಚರ್ಚೆಗೆ ಅವಕಾಶವಿಲ್ಲ. ಊಟ ಮಾಡಿಸುವಾಗ ಕಣ್ಣೆದುರಿಗೆ ಮೊಬೈಲನ್ನು ಹಿಡಿಯುವ ಅಭ್ಯಾಸಕ್ಕೆ ಯಾವ ದೇಶದ ವೈದ್ಯರೂ ಸಮ್ಮತಿ ಕೊಟ್ಟಿಲ್ಲ. ಹತ್ತು ದಾಟಿದ ಮಕ್ಕಳ ವಿಷಯದಲ್ಲಿ ಮಾತ್ರ ಸಂಖ್ಯೆಯು ವಿವಾದವನ್ನು ಬಗೆಹರಿಸಲಾರದು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಅರ್ಧ ಗಂಟೆಗೆ ತಾನಾಗಿ ಎದ್ದು ಹೋಗುವನು, ಇನ್ನೊಬ್ಬಳು ಮೂರು ಗಂಟೆಯಾದರೂ ಏಳಳು. ಮತ್ತೊಂದು ಮನೆಯಲ್ಲಿ ಇದಕ್ಕೆ ವಿಪರೀತ. ಅಧಿಕಾರಭೇದವೆಂಬ ಮಾತು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಯೋಗ್ಯತೆಯನ್ನು ನೋಡದೆ ಎಲ್ಲರಿಗೂ ಒಂದೇ ಅಳತೆಯ ಪಥ್ಯವನ್ನು ವಿಧಿಸುವ ವೈದ್ಯನನ್ನು ನಾವು ಮೆಚ್ಚುವುದಿಲ್ಲ.

ಹಾಗಾದರೆ ಸಂಯಮವನ್ನು ಮಗುವೇ ಕಲಿಯಲಿ ಎನ್ನುವ ಮೂರನೆಯ ಪಕ್ಷವನ್ನು ಒಪ್ಪಬಹುದೇ? ಕೇಳಲು ಆ ಮಾತು ಉದಾರವಾಗಿದೆ. ಆದರೆ ಕಲಿಯಬೇಕಾದವನ ಎದುರಾಳಿ ಯಾರೆಂಬುದನ್ನು ಅವರು ಮರೆಯುತ್ತಾರೆ. ಹಿಂದಿನ ವಿನೋದಗಳಿಗೆಲ್ಲ ಒಂದು ಅಂತ್ಯವಿತ್ತು. ಚಂದಮಾಮದ ಸಂಚಿಕೆ ಕೊನೆಯ ಪುಟಕ್ಕೆ ಮುಗಿಯುತ್ತಿತ್ತು, ಬೇತಾಳನ ಮುಂದಿನ ಕಥೆಗೆ ಒಂದು ತಿಂಗಳು ಕಾಯಬೇಕಾಗಿತ್ತು. ರೇಡಿಯೋ ನಾಟಕ ಮುಗಿದೊಡನೆ ವಾರ್ತೆ ಬರುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ಯಂತ್ರಜ್ಞರು, ಪುಟವು ಕೊನೆಯಾಗದೆ ಬೆರಳು ಎಳೆದಷ್ಟೂ ಹೊಸದು ಬರುತ್ತಲೇ ಇರುವ ಒಂದು ಏರ್ಪಾಟನ್ನು ರಚಿಸಿದರು. ಓದುಗನಿಗೆ ಅನುಕೂಲವಾಗಲೆಂದು ಮಾಡಿದ ಆ ಏರ್ಪಾಟು ಜನರನ್ನು ಬಿಡದೆ ಹಿಡಿಯುವ ಉಪಾಯವಾದುದನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ವ್ಯಥೆಪಟ್ಟಿದ್ದಾರೆ. ಒಂದು ವೀಡಿಯೋ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಹತ್ತಿಕೊಳ್ಳುವುದೂ ಇದೇ ಜಾತಿಯದು. ನಮ್ಮ ದೇಶದಲ್ಲಿ ಇದಕ್ಕೆ ಬೆಲೆಯ ಒಂದು ಬೇಲಿಯಾದರೂ ಇತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ ಆ ಬೇಲಿಯೂ ಬಿದ್ದುಹೋಯಿತು. ದೊಡ್ಡ ದೊಡ್ಡ ಸಂಬಳದ ಯಂತ್ರಜ್ಞರು ಕುಳಿತು ಕಟ್ಟಿದ ಬಲೆಯ ಮುಂದೆ ಹನ್ನೊಂದು ವರ್ಷದ ಹುಡುಗನನ್ನು ಒಬ್ಬನನ್ನೇ ನಿಲ್ಲಿಸಿ, "ನಿನ್ನ ಮನಸ್ಸನ್ನು ನೀನೇ ಗೆಲ್ಲು" ಎನ್ನುವುದು ಅವನಿಗೆ ಕೊಟ್ಟ ಸ್ವಾತಂತ್ರ್ಯವೆಂದು ನಾವು ಒಪ್ಪಲಾರೆವು. ಅಂತ್ಯವಿಲ್ಲದ ವಸ್ತುವಿಗೆ ಅಂತ್ಯವನ್ನು ತಂದುಕೊಡುವ ಭಾರ ಯಾರಾದರೂ ಹಿರಿಯರ ಮೇಲೆ ಬಿದ್ದೇ ಬೀಳುತ್ತದೆ.

ಇನ್ನು ಪೂರ್ಣನಿಷೇಧದ ಮಾತು. ಅದಕ್ಕೆ ಮೊದಲ ಪೆಟ್ಟನ್ನು ಕೊಟ್ಟದ್ದು ಶಾಲೆಯೇ. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತವಾಗಿ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಅದೇ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಕಿರಿಯ ತರಗತಿಗಳಿಗೆ ಆನ್‌ಲೈನ್ ಪಾಠ ಕೂಡದೆಂದು ಆದೇಶಿಸಿತು. ಜುಲೈಯಲ್ಲಿ ಉಚ್ಚ ನ್ಯಾಯಾಲಯವು, ಇದು ಶಿಕ್ಷಣದ ಹಕ್ಕಿಗೆ ಅಡ್ಡಿಯೆಂದು ಕಂಡು ಆ ನಿರ್ಬಂಧವನ್ನು ತಡೆಹಿಡಿಯಿತು. ಎರಡು ಪಕ್ಷಗಳಲ್ಲಿಯೂ ಮಕ್ಕಳ ಹಿತವೇ ಕಾರಣವಾಗಿತ್ತೆಂಬುದನ್ನು ಗಮನಿಸಬೇಕು. ಶಾಲೆಗಳು ತೆರೆದು ವರ್ಷಗಳು ಕಳೆದರೂ ಮನೆಪಾಠ ಇಂದಿಗೂ ವಾಟ್ಸ್‌ಆಪ್‌ನಲ್ಲಿ ಬರುವ ಶಾಲೆಗಳು ಉಂಟು. ಮುಟ್ಟಬೇಡ ಎಂದು ಹೇಳಿದ ತಂದೆಯೇ ಸಂಜೆ, "ನಾಳೆಯ ಪಾಠ ಏನು ಕಳುಹಿಸಿದ್ದಾರೆ ನೋಡು" ಎಂದು ತನ್ನ ಫೋನನ್ನು ಮಗನ ಕೈಗೆ ಕೊಡಬೇಕಾಗುತ್ತದೆ. ಇಂತಹ ನಿಷೇಧವನ್ನು ಮಗು ನಂಬುವುದಾದರೂ ಹೇಗೆ?

ಮನೆಮನೆಗಿರುವ ಭೇದಕ್ಕಿಂತ ಒಂದೇ ಮನೆಯೊಳಗಿನ ಭೇದವು ಹೆಚ್ಚು ಕಷ್ಟವನ್ನು ತರುತ್ತದೆ. ತಂದೆ ಕಟ್ಟುನಿಟ್ಟು, ತಾಯಿ ಸಡಿಲ. ಅಥವಾ ತಾಯಿ ಕಟ್ಟುನಿಟ್ಟು, ಅಜ್ಜ ಸಡಿಲ. ಮಗು ಎರಡು ನ್ಯಾಯಾಲಯಗಳ ನಡುವೆ ಓಡಾಡುವ ವಕೀಲನಂತೆ ಬೇಗನೆ ನಿಪುಣನಾಗುತ್ತದೆ. ಇಂತಹ ಮನೆಗಳಲ್ಲಿ ತಾಯಿಯ ದೌರ್ಬಲ್ಯವನ್ನು ಎತ್ತಿ ಆಡುವುದು ವಾಡಿಕೆ. ನಾವು ಇದನ್ನು ಬೇರೆ ಬಗೆಯಾಗಿ ನೋಡುತ್ತೇವೆ. ನಿಯಮವನ್ನು ಮಾಡುವವನು ಬಹುಮಟ್ಟಿಗೆ ರಾತ್ರಿ ಎಂಟಕ್ಕೆ ಮನೆಗೆ ಬರುವವನು. ಅದನ್ನು ನಡೆಸಬೇಕಾದವಳು ಮಧ್ಯಾಹ್ನ ಮೂರೂವರೆಗೆ ಶಾಲೆಯಿಂದ ಬಂದ ಮಗುವನ್ನು ಎದುರುಗೊಳ್ಳುವವಳು. ಒಲೆಯ ಮೇಲೆ ಹಾಲಿದೆ, ಬಾಗಿಲಲ್ಲಿ ಯಾರೋ ಕರೆಯುತ್ತಾರೆ, ಅತ್ತೆಗೆ ಔಷಧದ ವೇಳೆಯಾಗಿದೆ, ಮಗು ಅಳುತ್ತಿದೆ. ಹತ್ತು ನಿಮಿಷ ಫೋನು ಕೊಟ್ಟರೆ ನಾಲ್ಕು ಕೆಲಸ ಸಾಗುತ್ತವೆ. ಅವಳು ಕೊಟ್ಟಳೆಂದರೆ ಅದು ಸಿದ್ಧಾಂತದ ಭೇದವಲ್ಲ, ಕೈಗಳ ಕೊರತೆ. ನಿಯಮದ ಕೀರ್ತಿ ಒಬ್ಬರಿಗೆ, ಮಗುವಿನ ಕೋಪ ಮತ್ತೊಬ್ಬರಿಗೆ ಎಂಬ ಏರ್ಪಾಟು ನ್ಯಾಯವಾದುದಲ್ಲ. ಸಂಜೆಯ ಆ ಒಂದು ಗಂಟೆ ಮಗುವಿನೊಡನೆ ಕುಳಿತಿರಲು ಯಾರಿಗೆ ಸಾಧ್ಯ ಎಂಬುದನ್ನು ಇಬ್ಬರೂ ಮೊದಲು ಗೊತ್ತುಮಾಡಿಕೊಂಡು, ಆಮೇಲೆ ನಿಯಮವನ್ನು ಮಾಡಿದರೆ ಅನೇಕ ಕಲಹಗಳು ತಪ್ಪಿಯಾವು. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ಆಟಕ್ಕೆ ಅಂಗಳವೂ ಜೊತೆಗಾರರೂ ಇಲ್ಲದ ಮಗುವಿನಿಂದ ಫೋನನ್ನು ಕಿತ್ತುಕೊಂಡು, ಪ್ರತಿಯಾಗಿ ಏನನ್ನೂ ಕೊಡದಿರುವುದು ಸುಲಭವಾದ ತಪಸ್ಸು. ಮಾಡುವವನು ಮಗು, ಮಾಡಿಸುವವರು ನಾವು.

ನಮ್ಮ ದೃಷ್ಟಿಯಲ್ಲಿ ಈ ವಿಚಾರದ ಮರ್ಮಸ್ಥಾನ ಗುಪ್ತವಾದ ಕಾವಲಿನ ಪ್ರಶ್ನೆ. ಗೂಗಲ್‌ನ ಫ್ಯಾಮಿಲಿ ಲಿಂಕ್ 2017ರಲ್ಲಿ, ಆಪಲ್‌ನ ಸ್ಕ್ರೀನ್ ಟೈಮ್ 2018ರಲ್ಲಿ ಬಂದವು. ಇವುಗಳಿಂದ ಮಗುವಿನ ಯಂತ್ರಕ್ಕೆ ಹೊತ್ತಿನ ಮಿತಿಯನ್ನು ಹಾಕಬಹುದು, ಕೆಲವನ್ನು ಮುಚ್ಚಬಹುದು. ಮುಚ್ಚಿರುವುದು ಮಗುವಿಗೆ ಕಾಣುತ್ತದೆ. ಇವಲ್ಲದೆ, ಮಗುವಿಗೆ ತಿಳಿಯದಂತೆ ಅದರ ಸಂದೇಶಗಳನ್ನೆಲ್ಲ ತಂದೆಯ ಫೋನಿಗೆ ಸಾಗಿಸುವ ತಂತ್ರಗಳೂ ಮಾರಾಟಕ್ಕಿವೆ. ಹದಿನಾಲ್ಕು ವರ್ಷದ ಮಗಳು ಗೆಳತಿಗೆ ಬರೆದದ್ದನ್ನು ತಾಯಿ ರಾತ್ರಿ ಕುಳಿತು ಓದುತ್ತಾಳೆ. ಬೆಳಿಗ್ಗೆ ಏನೂ ತಿಳಿಯದವಳಂತೆ ಜಡೆ ಹೆಣೆಯುತ್ತಾಳೆ. ಉದ್ದೇಶ ಮಗಳ ರಕ್ಷಣೆಯೇ. ಅಂತರ್ಜಾಲದಲ್ಲಿ ಮಕ್ಕಳನ್ನು ಹುಡುಕುವ ದುಷ್ಟರು ಇರುವುದೂ ಸತ್ಯ. ಆದರೂ ಬೀಗಕ್ಕೂ ಕಳ್ಳಕಿಂಡಿಗೂ ಭೇದವಿದೆ. ಬೀಗವು, "ಇಲ್ಲಿಗೆ ನೀನು ಇನ್ನೂ ಬರಬಾರದು" ಎಂದು ಮಗುವಿನ ಮುಖಕ್ಕೇ ಹೇಳುತ್ತದೆ. ಮಗು ಸಿಟ್ಟಾಗಬಹುದು, ವಾದಿಸಬಹುದು, ಒಂದು ವರ್ಷದ ಮೇಲೆ ಮತ್ತೆ ಬಂದು ಕೇಳಬಹುದು. ಕಳ್ಳಕಿಂಡಿಯಲ್ಲಿ ಕೇಳುವುದಕ್ಕೆ ಅವಕಾಶವೇ ಇಲ್ಲ. ಅದು ಬಯಲಾದ ದಿನ ಮಗಳು ಕಲಿಯುವುದು ಸಂಯಮವನ್ನಲ್ಲ. ಎರಡನೆಯ ಖಾತೆಯನ್ನು ತೆರೆಯುವ ಉಪಾಯವನ್ನು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ನಾಳೆ ಯಾವನೋ ಅಪರಿಚಿತನು ಅವಳನ್ನು ಹೆದರಿಸಿ ಚಿತ್ರ ಕೇಳಿದಾಗ ಅವಳು ಯಾರಲ್ಲಿಗೆ ಓಡಿಬರಬೇಕಾಗಿತ್ತೋ ಅಲ್ಲಿಗೇ ಬರಲು ಅಂಜುತ್ತಾಳೆ.

ಈ ಸಂದರ್ಭದಲ್ಲಿ ನಮ್ಮ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ನೆನೆಯಬಹುದು. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಮಕ್ಕಳ ನಡೆಯನ್ನು ಬೆನ್ನುಹತ್ತಿ ಗಮನಿಸುವುದಾಗಲಿ ಅವರನ್ನೇ ಗುರಿಮಾಡಿ ಜಾಹೀರಾತು ತೋರಿಸುವುದಾಗಲಿ ಸಲ್ಲದೆಂದೂ ಅದು ಕಂಪನಿಗಳಿಗೆ ವಿಧಿಸುತ್ತದೆ. ನಿಯಮಾವಳಿಯು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಟಾಗಿದೆ. ಕಂಪನಿಯು ಮಗುವನ್ನು ಬೆನ್ನುಹತ್ತಬಾರದೆಂದು ಕಾನೂನು ಹೇಳುತ್ತಿರುವಾಗ ತಂದೆಯು ಕದ್ದು ಬೆನ್ನುಹತ್ತುವುದಕ್ಕೆ ಕಾನೂನಿನ ತಡೆ ಇಲ್ಲದಿರಬಹುದು. ಧರ್ಮದ ತಡೆ ಇದೆಯೆಂದೇ ನಮ್ಮ ಅಭಿಪ್ರಾಯ. ನೋಡಲೇಬೇಕಾದ ಸಂದರ್ಭ ಬಂದರೆ, "ನಾನು ನೋಡುತ್ತೇನೆ" ಎಂದು ಹೇಳಿ ನೋಡಬೇಕು. ಹಾಗೆ ಹೇಳುವುದು ಕಷ್ಟ. ಆದುದರಿಂದಲೇ ಅದನ್ನು ಪದೇ ಪದೇ ಮಾಡುವುದಕ್ಕೆ ಮನಸ್ಸು ಬಾರದು.

ಆಟದ ಗೀಳು ರೋಗದ ಮಟ್ಟಕ್ಕೆ ಹೋದಲ್ಲಿ ವಿಷಯ ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ಇದಕ್ಕಾಗಿ ಶಟ್ ಕ್ಲಿನಿಕ್ ಎಂಬ ಚಿಕಿತ್ಸಾ ವಿಭಾಗ ಆರಂಭವಾಯಿತು. ಅಂತಹ ಮಗುವಿಗೆ ಬೇಕಾದವರು ವೈದ್ಯರು, ಬೈಗುಳದಿಂದ ಫಲವಿಲ್ಲ.

ಏಕಾದಶಿಯ ಉಪವಾಸದಲ್ಲಿ ಎಂಟು ವರ್ಷದೊಳಗಿನ ಕೂಸಿಗೂ ಎಂಬತ್ತು ದಾಟಿದ ವೃದ್ಧರಿಗೂ ವಿನಾಯಿತಿಯುಂಟು, ನಡುವಿನವರಿಗೆ ಇಲ್ಲ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲ ಮಾತು. ಮೊಬೈಲಿನ ನಿಯಮವು ಅದೇ ಮನೆಗಳಲ್ಲಿ ಇದಕ್ಕೆ ಸರಿಯಾಗಿ ತಲೆಕೆಳಗಾಗಿದೆ: ಕೂಸಿಗೆ ಕಟ್ಟುನಿಟ್ಟು, ನಡುವಿನವರಿಗೆ ಪೂರ್ಣ ವಿನಾಯಿತಿ. ಊಟದ ಎಲೆಯ ಮುಂದೆ ಮಗನು ಫೋನು ಹಿಡಿದರೆ ಗದರುವ ತಂದೆಗೆ ಅದೇ ಎಲೆಯ ಮುಂದೆ ಕಚೇರಿಯ ಸಂದೇಶ ಬರುತ್ತದೆ. ಕೆಲಸವಿರುವುದು ನಿಜ, ಆದರೆ ಕೆಲಸ ಮುಗಿದ ಮೇಲೂ ಬೆರಳು ಎಳೆಯುತ್ತಲೇ ಇರುವುದನ್ನು ಮಗ ನೋಡುತ್ತಿದ್ದಾನೆ. ನಮ್ಮ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. 2022ರ ಆಗಸ್ಟ್ 15ರಿಂದ ಅಲ್ಲಿ ಪ್ರತಿದಿನ ಸಂಜೆ ಏಳಕ್ಕೆ ಊರ ದೇವಾಲಯದಿಂದ ಸೈರನ್ ಕೂಗುವ ಪದ್ಧತಿ ಆರಂಭವಾಯಿತು. ಸೈರನ್ ಕೂಗಿದೊಡನೆ ಊರಿನವರೆಲ್ಲ ಟಿ.ವಿ.ಯನ್ನೂ ಮೊಬೈಲನ್ನೂ ಆರಿಸಿ, ಎಂಟೂವರೆಯವರೆಗೆ ಮಕ್ಕಳು ಓದಿಗೆ ಕುಳಿತುಕೊಳ್ಳಬೇಕು, ಹಿರಿಯರು ಪರಸ್ಪರ ಮಾತನಾಡಬೇಕು ಎಂಬುದು ಏರ್ಪಾಟು. ಇದರಲ್ಲಿ ನಮ್ಮ ಮನಸ್ಸನ್ನು ಸೆಳೆದದ್ದು ಸೈರನ್ ಅಲ್ಲ. ಆ ಒಂದೂವರೆ ಗಂಟೆ ತಾಯಿಯ ಧಾರಾವಾಹಿಯೂ ತಂದೆಯ ಫೋನೂ ಆರಬೇಕಾಗಿದ್ದುದರಿಂದ, ತನಗೊಬ್ಬನಿಗೇ ಶಿಕ್ಷೆಯೆಂದು ಹುಡುಗನಿಗೆ ತೋರುವಂತಿರಲಿಲ್ಲ.

"ಎಲ್ಲರ ಹತ್ತಿರ ಇದೆ, ನನಗೊಬ್ಬಳಿಗೇ ಇಲ್ಲ" ಎಂಬ ಮಗಳ ವಾದಕ್ಕೆ ಉತ್ತರವೂ ಇದೇ ದಿಕ್ಕಿನಲ್ಲಿದೆ. ಆ ವಾದ ಸುಳ್ಳಲ್ಲ; ತರಗತಿಯ ಗೆಳತಿಯರೆಲ್ಲ ಒಂದು ಗುಂಪಿನಲ್ಲಿ ಮಾತನಾಡುತ್ತಿದ್ದು ಒಬ್ಬಳು ಹೊರಗಿದ್ದರೆ ಆಗುವ ನೋವು ನಿಜವಾದುದು. ಐರ್ಲೆಂಡಿನ ಗ್ರೇಸ್ಟೋನ್ಸ್ ಎಂಬ ಊರಿನಲ್ಲಿ 2023ರಲ್ಲಿ ಎಂಟು ಪ್ರಾಥಮಿಕ ಶಾಲೆಗಳ ಪೋಷಕರು ಸೇರಿ, ಪ್ರೌಢಶಾಲೆಗೆ ಹೋಗುವವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನ್ ಕೊಡುವುದಿಲ್ಲವೆಂದು ಸ್ವಇಚ್ಛೆಯಿಂದ ಒಪ್ಪಂದ ಮಾಡಿಕೊಂಡರು. ಒಬ್ಬ ತಾಯಿಯಿಂದ ಆಗದ್ದು ಊರಿನಿಂದ ಆಗಬಹುದೆಂಬುದಕ್ಕೆ ಇದು ನಿದರ್ಶನ. ಆಸ್ಟ್ರೇಲಿಯಾ ದೇಶವು ಇನ್ನೂ ಮುಂದೆ ಹೋಗಿ, 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನನ್ನು ಜಾರಿಗೆ ತಂದಿತು. ತಪ್ಪಿದ ಕಂಪನಿಗೆ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರುಗಳವರೆಗೆ ದಂಡ. ಮಗುವಿಗಾಗಲಿ ತಂದೆತಾಯಿಗಳಿಗಾಗಲಿ ದಂಡವಿಲ್ಲ. ಹೊಣೆಯನ್ನು ಬಲೆ ಬೀಸಿದವನ ಮೇಲೆ ಹೊರಿಸಿದ್ದು ಯುಕ್ತವೆಂದು ನಾವು ತಿಳಿಯುತ್ತೇವೆ. ಆದರೆ ಸರ್ಕಾರವು ಹದಿನಾರರವರೆಗೆ ಬಾಗಿಲನ್ನು ಮುಚ್ಚಬಲ್ಲದೇ ಹೊರತು, ಹದಿನಾರನೆಯ ಹುಟ್ಟುಹಬ್ಬದ ಮರುದಿನ ಏನಾಗಬೇಕೆಂಬುದನ್ನು ಅದು ಹೇಳಿಕೊಡಲಾರದು.

ಆ ಮರುದಿನದ ಚಿಂತೆ ಮನೆಯವರದು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ವಿದ್ಯಾರ್ಥಿನಿಯರ ವಸತಿಗೃಹದಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲು ಕೂಡದೆಂಬ ನಿಯಮವಿತ್ತು. ಅದನ್ನು ಒಪ್ಪದ ಬಿ.ಎ. ವಿದ್ಯಾರ್ಥಿನಿಯೊಬ್ಬಳನ್ನು ಹೊರಗೆ ಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ ಖಾಸಗಿತನದ ಹಕ್ಕಿನಲ್ಲಿಯೂ ಸೇರಿದೆಯೆಂದು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಹದಿನೆಂಟು ತುಂಬಿದವರಿಗೆ ಹಿರಿಯರ ನಿಯಮ ಅಲ್ಲಿಗೆ ನಿಂತಿತು. ನಮ್ಮ ಅನೇಕ ಮನೆಗಳಲ್ಲಿ ಮಾತ್ರ ಐದನೆಯ ವರ್ಷದ ನಿಯಮವೇ ಹದಿನೇಳನೆಯ ವರ್ಷಕ್ಕೂ ಮುಂದುವರಿದಿರುತ್ತದೆ, ಅಥವಾ ಪಿ.ಯು.ಸಿ. ಫಲಿತಾಂಶ ಬಂದ ಸಂಜೆ ಒಂದು ಹೊಸ ಫೋನನ್ನು ಕೊಡಿಸಿ, ಅದರೊಡನೆ ಸಕಲ ನಿಯಮಗಳನ್ನೂ ಒಟ್ಟಿಗೆ ತೆಗೆದುಹಾಕುತ್ತಾರೆ. ಹನ್ನೆರಡಕ್ಕೆ ಒಂದಿಷ್ಟು, ಹದಿನಾಲ್ಕಕ್ಕೆ ಇನ್ನಷ್ಟು ಎಂದು ಬಿಡುತ್ತ ಬಂದು, ಕೊನೆಗೆ ಹೊತ್ತಿನ ಮಿತಿಯನ್ನು ತಾನೇ ಬರೆದು ಗೋಡೆಗೆ ಅಂಟಿಸುವಂತೆ ಮಗುವಿಗೆ ಬಿಟ್ಟ ತಂದೆತಾಯಿಗಳೂ ಇದ್ದಾರೆ. ಅವರ ಮಕ್ಕಳು ತಪ್ಪುವುದಿಲ್ಲವೆಂದಲ್ಲ. ತಪ್ಪಿದಾಗ ಅದು ಮನೆಯಲ್ಲಿಯೇ, ಹಿರಿಯರ ಎದುರಿಗೇ ನಡೆಯುತ್ತದೆ.

ರಾತ್ರಿ ಒಂಬತ್ತೂವರೆಗೆ ಸರಿಯಾಗಿ ವೈಫೈ ಆರಿಸುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅದು ಒಳ್ಳೆಯ ಪದ್ಧತಿಯೇ. ಮಗನು ಮುಂದಿನ ಜೂನ್ ತಿಂಗಳಿನಲ್ಲಿ ಹಾಸ್ಟೆಲಿಗೆ ಹೋಗುವವನಿದ್ದರೆ, ಈ ಜನವರಿಯಿಂದ ಆ ಗುಂಡಿಯನ್ನು ಅವನ ಕೈಯಿಂದಲೇ ಒತ್ತಿಸಬಹುದು; ಒತ್ತಲು ಮರೆತ ರಾತ್ರಿ ಬೆಳಿಗ್ಗೆಯವರೆಗೆ ಏನೂ ಹೇಳದೆ ಇದ್ದು ನೋಡಬಹುದು.